ಲಕ್ವ ಹೊಡೆದ ಮಿದುಳಲ್ಲಿ ಹೊಸ ನರಕೋಶ ಬೆಳೆಯುತ್ತಾ?

ದೊಡ್ಡ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಅದಕ್ಕೇ ಡಾಕ್ಟರು ಅಷ್ಟು ಅವಸರ ಮಾಡುವುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೆಲವರಿಗೆ 24 ಗಂಟೆವರೆಗೂ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಗಡ್ಡೆ ತೆಗೆಯಬಹುದು. ಅದೂ ದಾಟಿದರೆ? ಸತ್ತ ಜಾಗದಲ್ಲಿ ಹೊಸ ನರಕೋಶ ತಾನಾಗಿ ಬೆಳೆಯುವುದಿಲ್ಲ ಅಂತಲೇ ಹೇಳಬೇಕು. ಕೈ ಎತ್ತಲಾಗದೆ, ಮಾತು ತೊದಲುತ್ತಾ ಮನೆಯಲ್ಲಿ ಉಳಿದವರಿಗೆ ಫಿಸಿಯೋಥೆರಪಿ, ಮಾತಿನ ಥೆರಪಿಯಂಥವೇ ಗತಿ.

ಜೀನ್ ಥೆರಪಿ, ಅಂದರೆ ಕೋಶಗಳೊಳಗೆ ಬೇಕಾದ ಜೀನ್ ಕಳಿಸುವ ಚಿಕಿತ್ಸೆ ಮೇಲೆ ನನಗೆ ಆಸೆ ಇರುವುದು ಇಂಥವರಿಗಾಗಿ. ಮೊದಲ ಗಂಟೆಗಳಲ್ಲಿ ಅದು ಉಪಯೋಗಕ್ಕೆ ಬರುವುದು ಕಷ್ಟ, ಯಾಕೆಂದರೆ ಎಎವಿ ಅನ್ನುವ ಪುಟ್ಟ ವೈರಸ್ಸಿನೊಳಗೆ ಜೀನ್ ಇಟ್ಟು ಕಳಿಸಿದರೆ ಅದು ಪೂರ್ತಿ ಕೆಲಸ ಮಾಡಲು ದಿನಗಳು, ವಾರಗಳೇ ಹಿಡಿಯುತ್ತವೆ. ಆಮೇಲಿನ ರಿಪೇರಿಗೆ ಅದು ಬರಬಹುದು.

ಮಿದುಳಿನಲ್ಲಿ ಆಸ್ಟ್ರೋಸೈಟ್ ಅನ್ನುವ ನಕ್ಷತ್ರದ ಆಕಾರದ ಕೋಶಗಳಿವೆ. ನರಕೋಶಗಳನ್ನು ಸಾಕುವುದೇ ಅವುಗಳ ಕೆಲಸ. ಲಕ್ವ ಹೊಡೆದ ಜಾಗದಲ್ಲಿ ಅವು ಜಾಸ್ತಿಯಾಗಿ ಗಾಯದ ಕಲೆ ಕಟ್ಟುತ್ತವೆ. ಅವನ್ನೇ ನರಕೋಶವಾಗಿ ಬದಲಾಯಿಸಿದರೆ? ವಿಜ್ಞಾನಿ ಗಾಂಗ್ ಚೆನ್ ತಂಡ ನ್ಯೂರೋಡಿ1 ಅನ್ನುವ ಜೀನ್ ಕಳಿಸಿ ಇದನ್ನೇ ಮಾಡಿದೆವು ಅಂತ 2020ರಲ್ಲಿ ಪ್ರಕಟಿಸಿತು: ಇಲಿಗಳು ಕಳೆದುಕೊಂಡ ನರಕೋಶಗಳಲ್ಲಿ ಮೂರನೇ ಒಂದು ಭಾಗದಷ್ಟು ಹೊಸದಾಗಿ ಬಂದವು, ಓಡಾಟವೂ ಸುಧಾರಿಸಿತು.

ಮರುವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿ ಚುನ್-ಲಿ ಝಾಂಗ್ ತಂಡ ಒಂದು ಸರಳ ಪ್ರಶ್ನೆ ಕೇಳಿತು: ಆ ಹೊಸ ನರಕೋಶಗಳು ನಿಜಕ್ಕೂ ಆಸ್ಟ್ರೋಸೈಟ್‌ಗಳಿಂದಲೇ ಬಂದವಾ? ಕುರುಬರು ತಮ್ಮ ಕುರಿಗಳಿಗೆ ಬಣ್ಣ ಹಚ್ಚಿ ಗುರುತು ಮಾಡುತ್ತಾರಲ್ಲ, ಹಾಗೆ ಇವರು ಆಸ್ಟ್ರೋಸೈಟ್‌ಗಳಿಗೆ ಮೊದಲೇ ಗುರುತು ಹಾಕಿ ಆಮೇಲೆ ಜೀನ್ ಕಳಿಸಿದರು. ಹೊಸದು ಅಂದುಕೊಂಡ ನರಕೋಶಗಳಲ್ಲಿ ಆ ಗುರುತೇ ಇರಲಿಲ್ಲ! ಅವು ಮೊದಲಿನಿಂದ ಅಲ್ಲೇ ಇದ್ದ ನರಕೋಶಗಳು. ಆಸ್ಟ್ರೋಸೈಟ್‌ಗಳಲ್ಲಿ ಮಾತ್ರ ಕೆಲಸ ಮಾಡಬೇಕಿದ್ದ ಜೀನ್, ನರಕೋಶಗಳೊಳಗೂ ಸೋರಿ ಅಲ್ಲೂ ಕೆಲಸ ಮಾಡಿತ್ತು. ಚೆನ್ ಇದನ್ನು ಒಪ್ಪಲಿಲ್ಲ, ವೈರಸ್ಸಿನ ಪ್ರಮಾಣ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ವಾದಿಸಿದರು.

ನನಗೆ ಝಾಂಗ್ ಪುರಾವೆಯೇ ಗಟ್ಟಿ ಅನಿಸುತ್ತದೆ. ಹಾಗಂತ ದಾರಿ ಮುಚ್ಚಿಲ್ಲ. ಚೆನ್ ತಂಡದ ಇಲಿಗಳು ನಿಜಕ್ಕೂ ಚೇತರಿಸಿಕೊಂಡವಲ್ವಾ? ಸಾಯಬೇಕಿದ್ದ ನರಕೋಶಗಳನ್ನು ಆ ಜೀನ್ ಉಳಿಸಿದ್ದರೂ ಇರಬಹುದು, ಅದೇನು ಸಣ್ಣ ವಿಷಯವಲ್ಲ. ಆದರೆ ನಿಮ್ಮ ಮನೆಯಲ್ಲಿ ಲಕ್ವ ಹೊಡೆದವರಿದ್ದು, ಯಾರಾದರೂ "ಸತ್ತ ನರಕೋಶ ಹುಟ್ಟಿಸುವ ಜೀನ್ ಚಿಕಿತ್ಸೆ" ಅಂತ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಇಲಿಯಲ್ಲೇ ಇನ್ನೂ ಜಗಳ ಮುಗಿದಿಲ್ಲ.