ಪದ ಪರಿಚಯ: ‘ಲಿಸ್ಟೆಡ್ ಹೈಟ್’ – ಬ್ಯಾಸ್ಕೆಟ್‌ಬಾಲ್ ಆಟಗಾರರ ಎತ್ತರ, ತೂಕವನ್ನು ಎಷ್ಟು ನಂಬಬಹುದು?

ಬ್ಯಾಸ್ಕೆಟ್‌ಬಾಲ್ ಪಂದ್ಯದ ನೇರ ಪ್ರಸಾರದಲ್ಲಿ ಆಟಗಾರನ ಹೆಸರಿನ ಜೊತೆಗೆ ಎರಡು ಅಂಕಿಗಳು ಬಂದು ಹೋಗುತ್ತವೆ: ಎತ್ತರ ಇಷ್ಟು, ತೂಕ ಇಷ್ಟು. ‘ಲಿಸ್ಟೆಡ್ ಹೈಟ್’, ‘ಲಿಸ್ಟೆಡ್ ವೇಟ್’ ಎನ್ನುವುದು ಇವನ್ನೇ. ತಂಡವು ತನ್ನ ಅಧಿಕೃತ ಪಟ್ಟಿಯಲ್ಲಿ ನಮೂದಿಸಿರುವ ಎತ್ತರ ಮತ್ತು ತೂಕ ಎಂದಷ್ಟೇ ಇದರ ಅರ್ಥ. ಅದನ್ನು ಯಾರಾದರೂ ಅಳೆದು ನೋಡಿದ್ದಾರೆ ಎಂಬ ಭರವಸೆ ಆ ಪದದೊಳಗೆ ಇಲ್ಲ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ದಶಕಗಳ ಕಾಲ ನಮೂದಿಸಿದ ಎತ್ತರಕ್ಕೂ ನಿಜವಾದ ಎತ್ತರಕ್ಕೂ ಒಂದೆರಡು ಇಂಚಿನ ವ್ಯತ್ಯಾಸ ಇರುವುದು ಮಾಮೂಲಿಯಾಗಿತ್ತು. ಒಳಗಿನವರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಆ ಅಂಕಿಯನ್ನೇ ನಂಬಿ ಆಟಗಾರರನ್ನು ಹೋಲಿಸುತ್ತಿದ್ದ ನೋಡುಗರು.

2019ಕ್ಕಿಂತ ಮೊದಲು ಈ ಅಂಕಿ ಎಲ್ಲಿಂದ ಬರಬೇಕು ಎಂಬುದಕ್ಕೆ ಲೀಗ್‌ನಲ್ಲಿ ಕಟ್ಟುನಿಟ್ಟಾದ ಒಂದು ನಿಯಮ ಇರಲಿಲ್ಲ. ಕೆಲವರದು ಕಾಲೇಜಿನ ಪಟ್ಟಿಯಿಂದ ನಕಲಾಗಿ ಬಂದ ಅಂಕಿ, ಕೆಲವರದು ಆಟಗಾರನೇ ಹೇಳಿದ ಅಂಕಿ, ಇನ್ನು ಕೆಲವರದು ಶೂ ಹಾಕಿಕೊಂಡೇ ಅಳೆಸಿಕೊಂಡ ಅಂಕಿ. ಬ್ಯಾಸ್ಕೆಟ್‌ಬಾಲ್ ಶೂಗಳ ಅಟ್ಟೆ ದಪ್ಪ. ಒಂದು ಇಂಚಿಗಿಂತ ತುಸು ಹೆಚ್ಚೇ ಎತ್ತರ ಅದರಿಂದಲೇ ಸಿಗುತ್ತದೆ. ಅದರ ಮೇಲೆ ಉಳಿದ ಭಿನ್ನರಾಶಿಯನ್ನು ಮೇಲಕ್ಕೆ ಪೂರ್ಣಾಂಕ ಮಾಡಿಬಿಟ್ಟರೆ ಇನ್ನೂ ಅರ್ಧ ಇಂಚು ಸೇರುತ್ತದೆ. ಅಡಿ–ಇಂಚಿನ ಲೆಕ್ಕದಲ್ಲಿ ಇಂಥ ಪೂರ್ಣಾಂಕ ಸಣ್ಣದೆಂದು ಅನಿಸಬಹುದು, ಆದರೆ ಒಂದು ಇಂಚು ಎಂದರೆ ಎರಡೂವರೆ ಸೆಂಟಿಮೀಟರ್.

ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಕೆವಿನ್ ಲವ್ ಅವರ ಅಂಕಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ಗೆ ಮುಂಚೆ ಒಂದು ಅಳತೆ ಶಿಬಿರ ನಡೆಯುತ್ತದೆ. ಈಗ ಶಿಕಾಗೊದಲ್ಲಿ ನಡೆಯುವ ಈ ‘ಕಂಬೈನ್’ ಆಗ ಒರ್ಲಾಂಡೊದಲ್ಲಿ ನಡೆಯುತ್ತಿತ್ತು. ಅಲ್ಲಿ ಆಟಗಾರನನ್ನು ಬರಿಗಾಲಿನಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ತೂಕ, ಅಂಗೈಯ ಉದ್ದಗಲ, ಎರಡೂ ತೋಳುಗಳನ್ನು ಅಗಲಿಸಿದಾಗಿನ ಹರವು, ನಿಂತಲ್ಲೇ ಕೈ ಎತ್ತಿದರೆ ಬೆರಳ ತುದಿ ಮುಟ್ಟುವ ಎತ್ತರ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆ ಕಾಲದಲ್ಲಿ ಶೂ ಸಹಿತ ಎತ್ತರಕ್ಕೂ ಒಂದು ಅಂಕಣವಿತ್ತು. 2008ರಲ್ಲಿ ಲವ್ ಬರಿಗಾಲಿನಲ್ಲಿ 6 ಅಡಿ ಏಳೂಮುಕ್ಕಾಲು ಇಂಚು. ಶೂ ಹಾಕಿದಾಗ 6 ಅಡಿ ಒಂಬತ್ತೂವರೆ ಇಂಚು. ತಂಡದ ಪಟ್ಟಿಗೆ ಹೋಗುವ ಹೊತ್ತಿಗೆ ಅದು 6 ಅಡಿ 10 ಇಂಚಾಗಿತ್ತು. ಯಾರೂ ದೊಡ್ಡ ಸುಳ್ಳು ಹೇಳಲಿಲ್ಲ. ಒಂದೊಂದು ಹಂತದಲ್ಲಿ ಅಂಕಿಯನ್ನು ಚೂರು ಚೂರೇ ಮೇಲಕ್ಕೆ ತಳ್ಳುತ್ತ ಹೋದಾಗ ಎರಡು ಇಂಚಿಗೂ ಮಿಕ್ಕಿದ ಎತ್ತರ ಕಾಗದದ ಮೇಲೆ ಹುಟ್ಟಿಕೊಂಡಿತು, ಮತ್ತು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿಯಿತು.

ಎಲ್ಲರೂ ಎತ್ತರವನ್ನು ಹಿಗ್ಗಿಸಿಯೇ ಹೇಳುತ್ತಾರೆ ಎಂದುಕೊಂಡರೆ ಅದೂ ತಪ್ಪಾಗುತ್ತದೆ. ಕೆವಿನ್ ಡುರಾಂಟ್ ವಿಷಯದಲ್ಲಿ ಆದದ್ದು ತದ್ವಿರುದ್ಧ. 2007ರಲ್ಲಿ, ಇನ್ನೂ 18 ವರ್ಷದ ಹುಡುಗನಾಗಿದ್ದಾಗ, ಅವರ ಬರಿಗಾಲಿನ ಎತ್ತರ 6 ಅಡಿ 9 ಇಂಚು. ಶೂ ಸಹಿತ 6 ಅಡಿ ಹತ್ತೂಕಾಲು ಇಂಚು. ಪಟ್ಟಿಯಲ್ಲಿ ವರ್ಷಗಟ್ಟಲೆ ಇದ್ದದ್ದು 6 ಅಡಿ 9 ಇಂಚು ಮಾತ್ರ. ಉಳಿದವರೆಲ್ಲ ಶೂ ಎತ್ತರವನ್ನು ಬರೆಸಿಕೊಂಡಿರುವ ಪಟ್ಟಿಯಲ್ಲಿ ಒಬ್ಬರು ಬರಿಗಾಲಿನ ಎತ್ತರವನ್ನು ಬರೆಸಿದರೆ ಏನಾಗುತ್ತದೆ? 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಡುರಾಂಟ್ ಮತ್ತು ಡಿಮಾರ್ಕಸ್ ಕಸಿನ್ಸ್ ಇಬ್ಬರೂ ಇದ್ದರು. ಎನ್‌ಬಿಎ ಪಟ್ಟಿಯ ಪ್ರಕಾರ ಕಸಿನ್ಸ್ 6 ಅಡಿ 11 ಇಂಚು, ಅಂದರೆ ಡುರಾಂಟ್‌ಗಿಂತ ಎರಡು ಇಂಚು ಎತ್ತರ. ಕಂಬೈನ್‌ನ ಬರಿಗಾಲಿನ ಅಳತೆಯ ಪ್ರಕಾರ ಇಬ್ಬರ ನಡುವೆ ಇದ್ದದ್ದು ಅರ್ಧ ಇಂಚು. ಅವರನ್ನು ಒಟ್ಟಿಗೆ ನೋಡಿದವರು ತಮ್ಮ ಕಣ್ಣನ್ನೇ ಅನುಮಾನಿಸಬೇಕಾಗಿ ಬರುತ್ತಿತ್ತು. ನಿಜದಲ್ಲಿ ಕಣ್ಣು ಸರಿಯಾಗಿತ್ತು, ಪಟ್ಟಿ ಸರಿಯಿರಲಿಲ್ಲ.

ಡುರಾಂಟ್ ಯಾಕೆ ಹೀಗೆ ಮಾಡಿದರು ಎಂಬುದನ್ನು ಅವರೇ 2016ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದಾರೆ. ಸ್ಮಾಲ್ ಫಾರ್ವರ್ಡ್ (ಬುಟ್ಟಿಯ ಕೆಳಗೆ ನಿಲ್ಲದೆ ಹೆಚ್ಚಾಗಿ ಬದಿಗಳಿಂದ ದಾಳಿ ಮಾಡುವ) ಸ್ಥಾನದ ಆಟಗಾರ ಎಂದರೆ 6 ಅಡಿ 9 ಇಂಚು ಎಂಬ ಕಲ್ಪನೆ ಇತ್ತು, ಹಾಗಾಗಿ ಆ ಅಂಕಿ ತನಗೆ ಹಿಡಿಸಿತು ಎಂಬುದು ಅವರ ವಿವರಣೆ. ಹುಡುಗಿಯರೊಡನೆ ಮಾತನಾಡುವಾಗ ಮಾತ್ರ ತಾನು ಏಳಡಿ ಎನ್ನುತ್ತೇನೆಂದೂ ಸೇರಿಸಿದ್ದರು. ನಮೂದಿತ ಎತ್ತರ ಎಂಬ ಇಡೀ ವಿಷಯದ ಕೀಲಿಕೈ ಇರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಪ್ರತಿಯೊಂದು ಸ್ಥಾನಕ್ಕೂ ಒಂದು ‘ಸರಿಯಾದ’ ಎತ್ತರ ಇದೆ ಎಂದು ತರಬೇತುದಾರರು, ಆಯ್ಕೆಗಾರರು, ಅಭಿಮಾನಿಗಳು ಎಲ್ಲರೂ ನಂಬಿರುತ್ತಾರೆ. ಆಟಗಾರನ ಅಂಕಿ ಆ ಸರಿಯಾದ ಎತ್ತರದ ಕಡೆಗೆ ಜರುಗುತ್ತದೆ. ಗಿಡ್ಡಗಿರುವ ಗಾರ್ಡ್, ಅಂದರೆ ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವವನು, ಆರಡಿ ಮುಟ್ಟಲು ಹವಣಿಸುತ್ತಾನೆ. ಏಳಡಿಯ ಹತ್ತಿರ ಇರುವವನು ತನ್ನನ್ನು ಸೆಂಟರ್ ಮಾಡಿ ಬುಟ್ಟಿಯ ಕೆಳಗೆ ಕಟ್ಟಿಹಾಕುತ್ತಾರೆಂದು ಹೆದರಿ ಕೆಳಕ್ಕೆ ಇಳಿಯುತ್ತಾನೆ. ಕೆವಿನ್ ಗಾರ್ನೆಟ್ ತಮ್ಮ ಆಟದ ದಿನಗಳುದ್ದಕ್ಕೂ 6 ಅಡಿ 11 ಇಂಚಿಗೇ ನಿಂತದ್ದು ಇದೇ ಕಾರಣಕ್ಕೆ ಎಂಬ ನಂಬಿಕೆ ಬಲವಾಗಿದೆ.

ಚಾರ್ಲ್ಸ್ ಬಾರ್ಕ್ಲಿ ಅವರ ಕಥೆ ನನಗೆ ಇವೆಲ್ಲಕ್ಕಿಂತ ಇಷ್ಟ. ಪಟ್ಟಿಯಲ್ಲಿ ಅವರು 6 ಅಡಿ 6 ಇಂಚು. ಅವರೇ ಒಪ್ಪಿಕೊಂಡ ಎತ್ತರ 6 ಅಡಿ ನಾಲ್ಕೂಮುಕ್ಕಾಲು ಇಂಚು. 1986–87ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 14.6 ರೀಬೌಂಡ್ ಹಿಡಿದು ಇಡೀ ಲೀಗ್‌ಗೆ ಮೊದಲಿಗರಾದರು. ಬುಟ್ಟಿಗೆ ಬಡಿದು ಹಿಂದಕ್ಕೆ ಪುಟಿಯುವ ಚೆಂಡಿಗಾಗಿ ಏಳಡಿಯವರ ನಡುವೆ ನುಗ್ಗಿ, ಹಿಂಭಾಗದಿಂದ ಅವರನ್ನು ಒತ್ತರಿಸಿ ಜಾಗ ಮಾಡಿಕೊಂಡು ಹಾರುವ ಕೆಲಸ ಅದು. ನಮೂದಿತ ಎತ್ತರವನ್ನು ನಂಬಿದವರಿಗೆ ಅದೊಂದು ದೊಡ್ಡ ಸಾಧನೆ. ನಿಜವಾದ ಎತ್ತರ ಗೊತ್ತಿದ್ದವರಿಗೆ ಅದು ಬೆರಗು. ಪಟ್ಟಿಯ ತಪ್ಪು ಅಂಕಿ ಇಲ್ಲಿ ಆಟಗಾರನ ಹಿರಿಮೆಯನ್ನು ಹೆಚ್ಚಿಸಲಿಲ್ಲ, ಒಂದೂಕಾಲು ಇಂಚಿನಷ್ಟು ಮುಚ್ಚಿಟ್ಟಿತು.

ಕೊನೆಗೂ ಎನ್‌ಬಿಎ 2019ರ ಸೆಪ್ಟೆಂಬರ್‌ನಲ್ಲಿ ನಿಯಮವೊಂದನ್ನು ತಂದಿತು. ಋತುವಿಗೆ ಮುಂಚಿನ ತರಬೇತಿ ಶಿಬಿರದ ಮೊದಲ ವಾರದಲ್ಲೇ ಪ್ರತಿ ತಂಡವೂ ತನ್ನ ಆಟಗಾರರ ಬರಿಗಾಲಿನ ಎತ್ತರವನ್ನು ಅಳೆದು, ತಂಡದ ವೈದ್ಯರಿಂದ ದೃಢೀಕರಿಸಿ ಲೀಗ್‌ಗೆ ಸಲ್ಲಿಸಬೇಕು. ವಯಸ್ಸನ್ನೂ ದಾಖಲೆಯೊಂದಿಗೆ ಖಚಿತಪಡಿಸಬೇಕು. ವಯಸ್ಸಿನ ಮಾತು ಬರುವುದಕ್ಕೆ ಹಿನ್ನೆಲೆ ಇತ್ತು. ಸ್ಯಾಕ್ರಮೆಂಟೊ ಕಿಂಗ್ಸ್ ತಂಡದಲ್ಲಿದ್ದ, ಬಹಾಮಾಸ್ ದ್ವೀಪಗಳ ಬಡ್ಡಿ ಹೀಲ್ಡ್ ಅವರಿಗೆ 2018ರ ಡಿಸೆಂಬರ್‌ನಲ್ಲಿ 25 ತುಂಬಿತೆಂದು ಎಲ್ಲರೂ ಭಾವಿಸಿದ್ದಾಗ, ತುಂಬಿದ್ದು 26 ಎಂಬುದು ಬೆಳಕಿಗೆ ಬಂತು. ನಿಯಮ ಬಂದ ಬೆನ್ನಲ್ಲೇ, 2019ರ ಅಕ್ಟೋಬರ್ 4 ಮತ್ತು 5ರಂದು, ಅದೇ ಕಿಂಗ್ಸ್ ತಂಡ ಮುಂಬಯಿಗೆ ಬಂದು ಇಂಡಿಯಾನಾ ಪೇಸರ್ಸ್ ವಿರುದ್ಧ ಆಡಿತು. ಭಾರತದ ನೆಲದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ಅವು. ನಮ್ಮಲ್ಲಿ ಅನೇಕರು ಎನ್‌ಬಿಎ ಆಟಗಾರರನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಈ ಅಂಕಿಗಳೆಲ್ಲ ತಿದ್ದುಪಡಿಯಾಗುತ್ತಿದ್ದ ಕಾಲದಲ್ಲಿ.

ತಿದ್ದುಪಡಿಯ ಫಲಿತಾಂಶ ನೋಡುವಂತಿತ್ತು. ಲವ್ 6 ಅಡಿ 10ರಿಂದ 6 ಅಡಿ 8ಕ್ಕೆ ಇಳಿದರು. 2011ರಲ್ಲಿ ಡಲ್ಲಾಸ್ ಪರ ಪ್ರಶಸ್ತಿ ಗೆದ್ದ ಪೋರ್ಟೊ ರಿಕೊದ ಜೆ.ಜೆ. ಬರೇಯಾ ಆರಡಿಯಿಂದ 5 ಅಡಿ 10 ಇಂಚಿಗೆ ಬಂದರು. ಡ್ರೇಮಂಡ್ ಗ್ರೀನ್, ಜಿಯಾನ್ ವಿಲಿಯಮ್ಸನ್ ತಲಾ ಒಂದು ಇಂಚು ಕಳೆದುಕೊಂಡು 6 ಅಡಿ 6 ಇಂಚಾದರು. ಡುರಾಂಟ್ ಮಾತ್ರ 6 ಅಡಿ 10ಕ್ಕೆ ಏರಿದರು. ಆಮೇಲೆ ಅದು 6 ಅಡಿ 11 ಆಯಿತು. ಇಡೀ ಲೀಗ್‌ನ ಸರಾಸರಿ ಎತ್ತರ ಒಂದೇ ವರ್ಷದಲ್ಲಿ ಕುಸಿದಂತೆ ಕಂಡಿತು. ಆಟಗಾರರು ಹಿಂದಿನ ವರ್ಷದವರೇ, ಅಳತೆಯ ಕ್ರಮವಷ್ಟೇ ಬದಲಾಗಿತ್ತು. ಅಂಕಿಅಂಶಗಳನ್ನು ಪ್ರೀತಿಸುವವರು ಇದನ್ನು ಮರೆಯಬಾರದು: 1985ರ 6 ಅಡಿ 9 ಇಂಚಿನ ಆಟಗಾರನನ್ನೂ 2021ರ 6 ಅಡಿ 9 ಇಂಚಿನ ಆಟಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಹಳೆಯ ಆಟಗಾರರ ಪಟ್ಟಿಯನ್ನು ಯಾರೂ ಹಿಂದಕ್ಕೆ ಹೋಗಿ ತಿದ್ದಿಲ್ಲ.

ವೈದ್ಯರೇ ಅಳೆದರೂ ಎತ್ತರ ಕಲ್ಲಿನಲ್ಲಿ ಕೆತ್ತಿದಂತೆ ಇರುವುದಿಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತನೆಯ ತಟ್ಟೆಗಳು ದಿನವಿಡೀ ದೇಹದ ಭಾರ ಹೊತ್ತು ನೀರಿನ ಅಂಶ ಕಳೆದುಕೊಂಡು ತೆಳ್ಳಗಾಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗಿನ ಎತ್ತರಕ್ಕೂ ಸಂಜೆಯ ಎತ್ತರಕ್ಕೂ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಎಲ್ಲರಿಗೂ ಇರುತ್ತದೆ. ಅರ್ಧ ಇಂಚಿಗಾಗಿ ವಾದಿಸುವ ಮೊದಲು ಇದಿಷ್ಟು ತಲೆಯಲ್ಲಿರಬೇಕು.

ಇನ್ನು ತೂಕ. ನನ್ನ ಅಭಿಪ್ರಾಯದಲ್ಲಿ ನಮೂದಿತ ತೂಕವನ್ನು ಅಂದಾಜು ಎಂದು ಕೂಡ ಕರೆಯುವುದು ಕಷ್ಟ. 2019ರ ನಿಯಮ ಎತ್ತರ ಮತ್ತು ವಯಸ್ಸಿನ ಕುರಿತದ್ದು. ತೂಕವೋ ವಾರದಿಂದ ವಾರಕ್ಕೆ ಬದಲಾಗುವಂಥದ್ದು, ಪಟ್ಟಿಯ ಅಂಕಿ ಮಾತ್ರ ಹಲವರ ವಿಷಯದಲ್ಲಿ ಲೀಗ್‌ಗೆ ಬಂದ ವರ್ಷದ್ದೇ ಮುಂದುವರಿಯುತ್ತದೆ. ಕಸಿನ್ಸ್ 2010ರ ಕಂಬೈನ್‌ನಲ್ಲಿ 292 ಪೌಂಡ್, ಅಂದರೆ ಸುಮಾರು 132 ಕೆ.ಜಿ. ತೂಗಿದ್ದರು, ಅವರ ತಂಡದ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು 270 ಪೌಂಡ್. ಶಕೀಲ್ ಓನೀಲ್ ಹೆಸರಿನ ಮುಂದೆ 325 ಪೌಂಡ್ ಎಂದೇ ಇರುತ್ತದೆ. ಅದಕ್ಕಿಂತ ಬಹಳ ಹೆಚ್ಚು ತೂಕದಲ್ಲಿ ತಾನು ಆಡಿದ್ದುಂಟು ಎಂದು ಅವರೇ ಹೇಳಿಕೊಂಡಿದ್ದಾರೆ.

ತಂಡಗಳಿಗೆ ನಿಜವಾದ ತೂಕ ಗೊತ್ತಿಲ್ಲ ಎಂದಲ್ಲ. ಅವು ಆಟಗಾರರನ್ನು ಆಗಾಗ ತಕ್ಕಡಿಯ ಮೇಲೆ ನಿಲ್ಲಿಸುತ್ತವೆ; ಮಿಯಾಮಿ ಹೀಟ್ ತಂಡವಂತೂ ಈ ಶಿಸ್ತಿಗೆ ಹೆಸರುವಾಸಿ. ಜಿಯಾನ್ ವಿಲಿಯಮ್ಸನ್ 2022ರಲ್ಲಿ ನ್ಯೂ ಆರ್ಲಿಯನ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಪೌಂಡ್‌ಗಳಲ್ಲಿ ಅವರ ತೂಕ ಮತ್ತು ದೇಹದ ಕೊಬ್ಬಿನ ಶೇಕಡಾವಾರು ಪ್ರಮಾಣ ಎರಡನ್ನೂ ಕೂಡಿಸಿದರೆ 295 ಮೀರಬಾರದು ಎಂಬ ಷರತ್ತು ಇದೆಯೆಂದು ವರದಿಯಾಗಿತ್ತು. ಕೋಟ್ಯಂತರ ಡಾಲರ್ ನಿಂತಿರುವುದು ಈ ಅಂಕಿಯ ಮೇಲೆ. ನೋಡುಗರಿಗೆ ತೋರಿಸುವ ಅಂಕಿ ಬೇರೆಯೇ.

ಹಾಗಾದರೆ ಆಟಗಾರನ ಮೈಕಟ್ಟಿನ ಬಗ್ಗೆ ಸರಿಯಾಗಿ ತಿಳಿಯಬೇಕಾದರೆ ಏನನ್ನು ನೋಡಬೇಕು? ಕಂಬೈನ್‌ನ ಅಳತೆಗಳು ಎನ್‌ಬಿಎ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಅಲ್ಲಿ ಬರಿಗಾಲಿನ ಎತ್ತರದ ಜೊತೆಗೆ ತೋಳುಗಳ ಹರವನ್ನೂ ಕೈ ಎತ್ತಿದಾಗಿನ ಎತ್ತರವನ್ನೂ ನೋಡಬೇಕು. ಹೂವಾಡಗಿತ್ತಿಯರು ಕೈಗಳನ್ನು ಅಗಲಿಸಿ ಮಾರು ಲೆಕ್ಕದಲ್ಲಿ ಹೂವು ಅಳೆಯುತ್ತಾರಲ್ಲ, ತೋಳಿನ ಹರವು ಅಂದರೆ ಅದೇ. ಸಾಮಾನ್ಯ ಮನುಷ್ಯನಲ್ಲಿ ಅದು ಅವನ ಎತ್ತರಕ್ಕೆ ಹೆಚ್ಚೂಕಡಿಮೆ ಸಮ. ಎನ್‌ಬಿಎ ಆಟಗಾರರಲ್ಲಿ ಹಾಗಿಲ್ಲ. ಡ್ರೇಮಂಡ್ ಗ್ರೀನ್ 2012ರಲ್ಲಿ ಬರಿಗಾಲಿನಲ್ಲಿ ಆರೂವರೆ ಅಡಿಯನ್ನೂ ಮುಟ್ಟಲಿಲ್ಲ, ಆದರೆ ಅವರ ತೋಳುಗಳ ಹರವು 7 ಅಡಿ ಒಂದೂಕಾಲು ಇಂಚು. ಆ ವರ್ಷದ ಡ್ರಾಫ್ಟ್‌ನಲ್ಲಿ ಅವರ ಹೆಸರು 35ನೆಯದಾಗಿ ಬಂತು. 2017ರಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು. ಎದುರಾಳಿಯ ಚೆಂಡನ್ನು ತಡೆಯುವುದು ಕೈ. ನೆತ್ತಿಗೂ ಆ ಕೆಲಸಕ್ಕೂ ಸಂಬಂಧ ಕಡಿಮೆ.

ಈ ವಿಷಯವನ್ನು ಒಂದೆರಡು ಇಂಚಿನ ಹುಡುಗಾಟ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಐಸೈಯಾ ಥಾಮಸ್ ಬರಿಗಾಲಿನಲ್ಲಿ 5 ಅಡಿ 9 ಇಂಚು ಕೂಡ ಪೂರ್ತಿ ಇರಲಿಲ್ಲ. 2011ರ ಡ್ರಾಫ್ಟ್‌ನಲ್ಲಿ 60ನೆಯವರಾಗಿ, ಅಂದರೆ ಕಟ್ಟಕಡೆಯವರಾಗಿ ಆಯ್ಕೆಯಾದರು. ಐದು ವರ್ಷ ಕಳೆದು ಬಾಸ್ಟನ್ ಪರ ಆಡುತ್ತ ಒಂದು ಇಡೀ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿದರು. ಎತ್ತರದ ಅಂಕಣ ನೋಡಿಯೇ ಪುಟ ಮಗುಚುವ ಆಯ್ಕೆಗಾರರ ಮುಂದೆ ಸಣ್ಣ ಆಟಗಾರನಿಗೆ ಎರಡೇ ದಾರಿ: ಅಂಕಿ ಹಿಗ್ಗಿಸುವುದು, ಇಲ್ಲವೇ ಅಂಥ ಆಟ ಆಡಿ ತೋರಿಸುವುದು. ಮೊದಲನೆಯ ದಾರಿ ಹಿಡಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಎಲ್ಲರನ್ನೂ ಬರಿಗಾಲಿನಲ್ಲಿ ನಿಲ್ಲಿಸಿ ಅಳೆದರೆ ಮಾತ್ರ ಪ್ರಾಮಾಣಿಕವಾಗಿ ಬರೆಸಿದವನಿಗೆ ನಷ್ಟವಾಗುವುದು ತಪ್ಪುತ್ತದೆ, ಅದಕ್ಕೇ 2019ರ ನಿಯಮ ಇನ್ನೂ ಬಹಳ ಹಿಂದೆಯೇ ಬರಬೇಕಿತ್ತು ಎನ್ನುತ್ತೇನೆ.

ಆ ನಿಯಮದ ವ್ಯಾಪ್ತಿ ಎನ್‌ಬಿಎ ತಂಡಗಳಿಗಷ್ಟೇ. ಅಮೆರಿಕದ ಕಾಲೇಜು ತಂಡಗಳ ಪಟ್ಟಿಯಲ್ಲಿ ಶೂ ಎತ್ತರ, ಆಸೆಯ ಎತ್ತರ ಎಲ್ಲವೂ ಈಗಲೂ ನಡೆಯುತ್ತವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಕಂಬೈನ್ ಅಂಕಿಗಳು ಹೊರಬಿದ್ದಾಗ ಯಾವುದೋ ಹುಡುಗ ‘ಒಂದೂವರೆ ಇಂಚು ಕುಗ್ಗಿದ’ ಎಂಬ ಸುದ್ದಿ ಬರುವುದು ಇದರಿಂದಲೇ. ಹಾಗೆ ಬಂದಾಗ ಪಕ್ಕದಲ್ಲಿರುವ ತೋಳಿನ ಹರವಿನ ಅಂಕಣವನ್ನೂ ಒಮ್ಮೆ ನೋಡಿ.