ಒಂದು ಓಟಿ ಚೀಟಿಯೊಳಗಿನ ಸರಪಳಿ

ಚಿಕ್ಕಮಗಳೂರಿನಲ್ಲಿ ರೊಬಸ್ಟಾ ಕಾಫಿಯ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಮಾರಲು ಹೋದ ಬೆಳೆಗಾರನ ಕೈಗೆ ಕೊನೆಯಲ್ಲಿ ಬರುವುದು ಚೀಟಿಯಲ್ಲಿ ಬರೆದ ಒಂದು ಸಂಖ್ಯೆ: ಓಟಿ 26, ಓಟಿ 27, ವರ್ಷ ಕೈಹಿಡಿದಿದ್ದರೆ 28. ಔಟ್‌ಟರ್ನ್ ಎಂಬ ಉದ್ದನೆಯ ಪದವನ್ನು ಮಲೆನಾಡು ಹೀಗೆ ಎರಡಕ್ಷರಕ್ಕೆ ಇಳಿಸಿಕೊಂಡಿದೆ. 50 ಕೆಜಿಯ ಒಣ ಚೆರಿ ಚೀಲವನ್ನು ಸುಲಿದರೆ ಎಷ್ಟು ಕೆಜಿ ಬೀಜ ಸಿಕ್ಕೀತು ಎಂಬುದನ್ನು ಸಣ್ಣದೊಂದು ಮಾದರಿಯಿಂದ ಲೆಕ್ಕ ಹಾಕಿ ಹೇಳುವ ಅಂಕಿ ಅದು. ಅದನ್ನು ಪಾಯಿಂಟಿನ, ಅಂದರೆ ಒಂದೊಂದು ಓಟಿಯ, ದರದಿಂದ ಗುಣಿಸಿದರೆ ಚೀಲದ ಬೆಲೆ. ಸಪ್ಲೈ ಚೈನ್ (ಪೂರೈಕೆ ಸರಪಳಿ), ಕ್ವಾಲಿಟಿ ಮ್ಯಾನೇಜ್‌ಮೆಂಟ್ ಎಂದು ಕಾಲೇಜುಗಳಲ್ಲಿ ಬೇರೆ ಬೇರೆ ಪಠ್ಯವಾಗಿ ಕಲಿಸುವ ಎರಡು ವಿದ್ಯೆಗಳ ಮೊದಲ ಪಾಠ ಈ ಚೀಟಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವು ಎಲ್ಲಿ ಎಡವುತ್ತವೆ ಎಂಬುದನ್ನೂ ಅದೇ ತೋರಿಸುತ್ತದೆ.

ತೋಟದ ಕಣ, ವ್ಯಾಪಾರಿಯ ಗೋದಾಮು, ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್, ಚಾರ್ಮಾಡಿ ಅಥವಾ ಶಿರಾಡಿ ಘಾಟಿ, ಮಂಗಳೂರಿನ ಬಂದರು, ಹಡಗು, ಯುರೋಪಿನ ಹುರಿಯುವವನು: ಕಾಫಿ ಇಳಿಯುವ ದಾರಿ ಇದು. ಸರಪಳಿ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಸರಕು ಸಾಗುವ ಈ ದಾರಿಯೊಂದೇ. ಆದರೆ ಇದೇ ದಾರಿಯಲ್ಲಿ ಹಣ ಹಿಂದಕ್ಕೆ ಹತ್ತಿ ಬರುತ್ತದೆ, ಅದರ ಜೊತೆಗೆ ಸುದ್ದಿಯೂ ಬರಬೇಕು. ಹುರಿದ ಬೀಜದಲ್ಲಿ ಬೂಷ್ಟಿನ ವಾಸನೆ ಇತ್ತು, ಬೀಜ ಒಡೆದಿತ್ತು, ಬಣ್ಣ ಬಿಳಿಚಿತ್ತು ಎಂಬ ಮಾತು ಘಾಟಿ ಹತ್ತಿ ಕಣದವರೆಗೆ ಮುಟ್ಟದಿದ್ದರೆ ಮುಂದಿನ ಕೊಯ್ಲಿನಲ್ಲೂ ಅದೇ ತಪ್ಪು ಅದೇ ನಿಷ್ಠೆಯಿಂದ ನಡೆಯುತ್ತದೆ. ಹಣವೇನೋ ಹೇಗಾದರೂ ಬಂದು ಸೇರುತ್ತದೆ, ಸುದ್ದಿ ಮಾತ್ರ ನಡುದಾರಿಯಲ್ಲಿ ಸವೆದುಹೋಗುತ್ತದೆ.

ಓಟಿ 28ರಿಂದ 25ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕಾಯಿ ಬಲಿಯುವ ಹೊತ್ತಿನಲ್ಲಿ ತೇವವೋ ಗೊಬ್ಬರವೋ ಸಾಲದೆ ಜೊಳ್ಳು ಹೆಚ್ಚಿರಬಹುದು. ಆಳು ಸಿಕ್ಕಾಗಲೇ ಮುಗಿಸಿಬಿಡಬೇಕೆಂಬ ಅವಸರದಲ್ಲಿ ಹಸಿರು ಕಾಯಿಯನ್ನೂ ಹಣ್ಣಿನೊಡನೆ ಸುರಿದಿರಬಹುದು. ಕಾಯಿಕೊರಕ ಬೀಜವನ್ನು ತಿಂದಿರಬಹುದು. ಸಿಪ್ಪೆಯೇ ಸರಿಯಾಗಿ ಒಣಗದೆ ತೂಗಿರಬಹುದು. ಮೊದಲನೆಯದಕ್ಕೆ ಮದ್ದು ತೋಟದಲ್ಲಿದೆ, ಎರಡನೆಯದಕ್ಕೆ ಕೂಲಿ ಕೊಡುವ ಕ್ರಮದಲ್ಲಿ, ಮೂರನೆಯದಕ್ಕೆ ಉದುರು ಕಾಯಿ ಆರಿಸುವ ಶಿಸ್ತಿನಲ್ಲಿ, ನಾಲ್ಕನೆಯದಕ್ಕೆ ಕಣದಲ್ಲಿ. ನಾಲ್ಕು ಕಾಯಿಲೆಗೂ ಚೀಟಿ ಹೇಳುವ ಹೆಸರು ಮಾತ್ರ ಒಂದೇ. ಬೆಲೆ ಕಟ್ಟಲು ಅಷ್ಟು ಸಾಕು, ತಿದ್ದಿಕೊಳ್ಳಲು ಸಾಲದು.

ತೇವಾಂಶದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಜಗಳ ಹುಟ್ಟುವುದು ಅಲ್ಲೇ. ರೊಬಸ್ಟಾ ಚೆರಿಯನ್ನು ಸುಮಾರು ಶೇಕಡ 11ರ ತೇವಾಂಶಕ್ಕೆ ಒಣಗಿಸಬೇಕು. ಅಂತಹ 50 ಕೆಜಿ ಚೀಲದಲ್ಲಿ ನೀರು ಕಳೆದು ಉಳಿಯುವ ಒಣ ಪದಾರ್ಥ 44.5 ಕೆಜಿ. ಅದೇ ಸರಕನ್ನು ಶೇಕಡ 14ರಲ್ಲೇ ಚೀಲಕ್ಕೆ ತುಂಬಿದರೆ ಅದು 51.7 ಕೆಜಿ ತೂಗುತ್ತದೆ; ಮಾರುವವನು ಒಂದೂಮುಕ್ಕಾಲು ಕೆಜಿಯಷ್ಟು ನೀರನ್ನು ಕಾಫಿಯ ಬೆಲೆಗೆ ಮಾರಿದಂತೆ, ಕೊಳ್ಳುವವನು ಅದನ್ನು ಊಹಿಸಿಯೇ ಮೊದಲು ಒಂದಿಷ್ಟು ಮುರಿದುಕೊಳ್ಳುವಂತೆ. ಹೆದರಿಕೊಂಡು ಶೇಕಡ 9ರವರೆಗೆ ಒಣಗಿಸಿದರೆ ತೂಕ 48.9ಕ್ಕೆ ಇಳಿದು ಬೆಳೆಗಾರ ಒಂದು ಕೆಜಿಗೂ ಹೆಚ್ಚು ಕಳೆದುಕೊಳ್ಳುತ್ತಾನೆ, ಮೇಲಾಗಿ ಅತಿಯಾಗಿ ಒಣಗಿದ ಬೀಜ ಸುಲಿಯುವಾಗ ಒಡೆದು ಬಿಟ್ಸ್ ಆಗುತ್ತದೆ. ಗುಣಮಟ್ಟವೆಂದರೆ ದಾಟಿದರೆ ಸಾಕಾದ ಗೆರೆಯಲ್ಲ, ಗುರಿಯಿಂದ ಯಾವ ಕಡೆಗೆ ಸರಿದರೂ ನಷ್ಟವೇ ಎಂದು ಜಪಾನಿನ ಎಂಜಿನಿಯರ್ ಗೆನಿಚಿ ತಾಗುಚಿ ವಾದಿಸಿದ್ದು ಕಾರ್ಖಾನೆಗಳ ಸಂದರ್ಭದಲ್ಲಿ. ಕಣದಲ್ಲಿ ಅದು ಇನ್ನೂ ನಿಚ್ಚಳ. ಹಸಿ ಚೀಲದಲ್ಲಿ ಬೆಳೆಯುವ ಬೂಷ್ಟು ಆಕ್ರಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಹುರಿದ ಕಾಫಿಯಲ್ಲಿ ಇದು ಕೆಜಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಇದ್ದ ಐರೋಪ್ಯ ಒಕ್ಕೂಟದ ಮಿತಿ 2023ರಿಂದ 3ಕ್ಕೆ ಇಳಿದಿದೆ. ಸಂಜೆ ಇಬ್ಬನಿ ಬೀಳುವ ಮುಂಚೆ ಕಣಕ್ಕೆ ಟಾರ್ಪಾಲು ಹೊದಿಸುವ ಕೆಲಸಕ್ಕೂ ಆ ಅಂಕಿಗೂ ನೇರ ಸಂಬಂಧವಿದೆ.

ಹಾಗಾದರೆ ಗೋದಾಮಿನ ಬಾಗಿಲಲ್ಲೇ ಪರೀಕ್ಷೆ ಮಾಡಿ ಹಸಿ ಚೀಲಗಳನ್ನು ತಡೆದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. 100 ಚೀಲದ ಲಾರಿಯಲ್ಲಿ 5 ಹಸಿ ಚೀಲ ಇವೆಯೆನ್ನಿ. ಪರೀಕ್ಷಕ ಯಾವುದೋ 5 ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದರೆ, ಅವುಗಳಲ್ಲಿ ಹಸಿ ಚೀಲ ಒಂದೂ ಸಿಗದೇ ಹೋಗುವ ಸಾಧ್ಯತೆ ಶೇಕಡ 77. ಅಂದರೆ ಇಂತಹ ನಾಲ್ಕು ಲಾರಿಗಳಲ್ಲಿ ಮೂರು ಯಾವ ಅಡ್ಡಿಯೂ ಇಲ್ಲದೆ ಒಳಗೆ ಹೋಗುತ್ತವೆ. ಪರೀಕ್ಷಕನ ಪ್ರಾಮಾಣಿಕತೆಗೂ ಇದಕ್ಕೂ ಸಂಬಂಧವಿಲ್ಲ, ಇದು ಸಂಭಾವ್ಯತೆಯ ಗಣಿತ.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಡುಕೊಂಡ ದಾರಿ ಬೇರೆ. ತಯಾರಾದ ವಸ್ತುವನ್ನು ಆರಿಸುವ ಬದಲು ತಯಾರಿಕೆಯ ನಡೆಯನ್ನೇ ಗಮನಿಸಬೇಕು. ಪ್ರತಿ ಲಾಟನ್ನು, ಅಂದರೆ ಒಟ್ಟಿಗೆ ಒಣಗಿಸಿದ ರಾಶಿಯನ್ನು, ಚೀಲಕ್ಕೆ ತುಂಬುವಾಗ ತೇವಾಂಶ ಅಳೆದು ಬರೆದಿಟ್ಟು ಇಪ್ಪತ್ತು ಇಪ್ಪತ್ತೈದು ಲಾಟುಗಳ ಅಂಕಿಗಳನ್ನು ಸಾಲಾಗಿ ಗುರುತಿಸಿದರೆ, ಈ ಕಣದ ಸಹಜ ಏರಿಳಿತ ಎಷ್ಟು ಎಂಬುದು ಕಾಣುತ್ತದೆ. 10.6, 11.3, 10.9 ಎಂದು ಅಂಕಿ ಅಲುಗಾಡುವುದು ಬಿಸಿಲು, ಗಾಳಿ, ಕೈಯಾಡಿಸುವವರ ಸಣ್ಣಪುಟ್ಟ ವ್ಯತ್ಯಾಸಗಳ ಫಲ. ಅದಕ್ಕಾಗಿ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕರೆದು ಗದರುವುದು ವ್ಯರ್ಥ. ಅದೇ ಸಾಲಿನಲ್ಲಿ ಒಮ್ಮೆಲೇ 14 ಕಾಣಿಸಿಕೊಂಡರೆ ಅಂದು ಏನೋ ಬೇರೆಯೇ ನಡೆದಿದೆ, ಅದನ್ನು ಹುಡುಕಲೇಬೇಕು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಉದ್ಯಮಿಗಳ ಮುಂದೆ ವಿವರಿಸಿದ ವಿಚಾರಗಳಲ್ಲಿ ಇದೂ ಒಂದು.

ನಮ್ಮಲ್ಲಿ ಸುದ್ದಿ ಹಿಂದಕ್ಕೆ ಬರುವ ದಾರಿ ಬಹುಕಾಲ ಕಿರಿದಾಗಿದ್ದುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿದ್ದ ಕಾಲದ 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಎಲ್ಲರ ಸರಕನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ದರ್ಜೆಗೆ ತಕ್ಕಂತೆ ಹಣದಲ್ಲಿ ವ್ಯತ್ಯಾಸ ಇತ್ತೆಂಬುದು ನಿಜ, ಬೆಲೆ ಕುಸಿದಾಗ ಸಣ್ಣ ಬೆಳೆಗಾರನಿಗೆ ಪೂಲು ಆಸರೆಯಾಗಿದ್ದುದೂ ನಿಜ. ಆದರೆ ಮೂಡಿಗೆರೆಯ ಬೀಜವೂ ಸಕಲೇಶಪುರದ ಬೀಜವೂ ಒಂದೇ ರಾಶಿಗೆ ಬಿದ್ದ ಮೇಲೆ, ಕುಡಿದವನ ದೂರು ಯಾರ ವಿಳಾಸಕ್ಕೆ ಬರಬೇಕು? 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು.

ಸರಪಳಿಯ ವಿಳಂಬವೇ ಗುಣವಾಗಿಬಿಟ್ಟ ಪ್ರಸಂಗವೂ ಉಂಟು. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದ ಬೀಜ ಉಬ್ಬಿ, ಬಿಳಿಚಿ, ಹುಳಿ ಕಳೆದುಕೊಂಡು ಯುರೋಪು ಸೇರುತ್ತಿತ್ತು. ಪ್ರಯಾಣ ಚುರುಕಾದಾಗ ಅಲ್ಲಿಯವರು ಆ ಹಳೆಯ ರುಚಿಯನ್ನೇ ಕೇಳಿದರು. ಅದಕ್ಕಾಗಿ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿ ಮಾನ್ಸೂನ್ಡ್ ಮಲಬಾರ್ ಕಾಫಿ ಮಾಡುತ್ತಾರೆ. ಬಳಸುವವನಿಗೆ ಒದಗುವುದೇ ಗುಣಮಟ್ಟ ಎಂಬ ಅಮೆರಿಕದ ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಅವರ ವ್ಯಾಖ್ಯೆಗೆ ಇದಕ್ಕಿಂತ ತಮಾಷೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ವಿಳಾಸ ಮತ್ತೆ ಕೇಳಲಾಗುತ್ತಿದೆ. 2023ರಲ್ಲಿ ಐರೋಪ್ಯ ಒಕ್ಕೂಟ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮ ಕಾಫಿ ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶಗಳನ್ನು ಬೇಡುತ್ತದೆ. ಇದು ಸಣ್ಣ ಬೆಳೆಗಾರನಿಗೆ ಇನ್ನೊಂದು ಕಾಗದಪತ್ರದ ಕಾಟ ಎಂಬ ಗೊಣಗಾಟದಲ್ಲಿ ಹುರುಳಿದೆ. ಆದರೂ ಸರಕಿನೊಡನೆ ಮುಂದಕ್ಕೆ ಹೋಗುವ ವಿಳಾಸದ ಬೆನ್ನಿಗೇ ಸುದ್ದಿ ಹಿಂದಕ್ಕೆ ಬರಲು ಸಾಧ್ಯ. ಅದಕ್ಕೆ ಕಂಪ್ಯೂಟರನ್ನೇ ಕಾಯಬೇಕಿಲ್ಲ. ಪ್ರತಿ ಲಾಟಿನ ಚೀಲಕ್ಕೆ ಪ್ಲಾಟಿನ ಹೆಸರು, ಕೊಯ್ದ ದಿನ, ಕಣದಲ್ಲಿದ್ದ ದಿನಗಳು, ತುಂಬುವಾಗಿನ ತೇವಾಂಶ ಬರೆದ ಒಂದು ಚೀಟಿ ಕಟ್ಟಿ, ಅದರ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ಲಾಟುಗಳನ್ನು ಬೆರೆಸದೆ ಬೇರೆ ಬೇರೆಯಾಗಿ ಓಟಿ ತೆಗೆಸಿದರೆ ಸಾಕು. ಹಳ್ಳದ ಬದಿಯ ಪ್ಲಾಟಿಗೆ 27, ಮೇಲಿನ ಬೋರೆಗೆ 25 ಬಂತು, ಎರಡೂ ಅದೇ ವಾರ ಅದೇ ಆಳುಗಳು ಕೊಯ್ದು ಅದೇ ಕಣದಲ್ಲಿ ಅದೇ ತೇವಾಂಶಕ್ಕೆ ಒಣಗಿಸಿದ ಚೆರಿ ಎಂದು ಮನೆಯ ಚೀಟಿ ಹೇಳುತ್ತಿದ್ದರೆ, ತಪ್ಪು ಕಣದ್ದೂ ಅಲ್ಲ, ಆಳುಗಳದ್ದೂ ಅಲ್ಲ. ಬೋರೆಯ ಗಿಡಗಳ ಹತ್ತಿರ ಹೋಗಿ ನೋಡಬೇಕು.