ಸ್ಪೀಡು ಸ್ಪೀಡು ಅಂತೀವಲ್ಲ, ಯಾವ ಸ್ಪೀಡು?

ನಮ್ಮಕ್ಕ ಇರೋದು ಕ್ಯಾಲಿಫೋರ್ನಿಯಾದಲ್ಲಿ, ಅಮ್ಮ ಇಲ್ಲಿ ವಿಜಯನಗರದಲ್ಲಿ, ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ತಪ್ಪೋ ಹಾಗೇ ಇಲ್ಲ. ಆದ್ರೆ ಕೆಲವು ತಿಂಗಳಿಂದ ಅಮ್ಮ "ರಾತ್ರಿಗೆ ಏನೇ ಅಡಿಗೆ" ಅಂತ ಕೇಳಿದ್ರೆ ಅವಳ ಉತ್ತರ ಇಲ್ಲಿಗೆ ಬರೋಷ್ಟರಲ್ಲಿ ಅಮ್ಮ ಇನ್ನೊಂದು ಪ್ರಶ್ನೆ ಕೇಳಿರ್ತಾರೆ, ಇಬ್ರ ಮಾತೂ ಒಂದರ ಮೇಲೊಂದು ಬಿದ್ದು ಆಮೇಲೆ ಇಬ್ರೂ ಸುಮ್ನಾಗಿಬಿಡ್ತಾರೆ. ಇಂಟರ್ನೆಟ್ನೋರಿಗೆ ಫೋನ್ ಮಾಡಿದ್ರೆ "ಸ್ಪೀಡ್ ಸಾಲ್ತಿಲ್ಲ ಸಾರ್, 50ರ ಪ್ಲಾನಿಂದ 200ಕ್ಕೆ ಬನ್ನಿ" ಅಂದ್ರು. ಹೋದ್ವಿ. ಬಿಲ್ ಜಾಸ್ತಿ ಆಯ್ತು, ಮಾತು ಮಾತ್ರ ಅಷ್ಟೇ ತಡವಾಗಿ ಬರ್ತಿತ್ತು.

ಗೊಂದಲ ಶುರುವಾಗೋದೇ ಸ್ಪೀಡ್ ಅನ್ನೋ ಪದದಿಂದ, ಎರಡು ಬೇರೆ ಬೇರೆ ವಿಷಯಕ್ಕೆ ನಾವು ಅದೊಂದೇ ಪದ ಹಾಕ್ತೀವಿ.

ಬೆಂಗಳೂರಲ್ಲಿ ಮನೆ ಮಾಡಿರೋರಿಗೆ ಇದು ಕಾವೇರಿ ನೀರಿನ ಲೆಕ್ಕದಲ್ಲಿ ಬೇಗ ಅರ್ಥ ಆಗತ್ತೆ. ಬೀದಿ ಕೊನೇಲಿ ವಾಲ್ವ್ ತಿರುಗಿಸಿ ನೀರು ಬಿಟ್ಟ ಮೇಲೆ ನಮ್ಮ ನಲ್ಲಿಗೆ ಬರೋಕೆ ಒಂದಷ್ಟು ಹೊತ್ತು ಬೇಕು, ಮೊದ್ಲು ಬುಸ್ಸಂತ ಗಾಳಿ, ಆಮೇಲೆ ನೀರು. ಆ ಕಾಯೋ ಹೊತ್ತೇ ಲೇಟೆನ್ಸಿ. ಬರೋಕೆ ಶುರುವಾದ ಮೇಲೆ ನಿಮಿಷಕ್ಕೆ ಎಷ್ಟು ಬಿಂದಿಗೆ ತುಂಬತ್ತೆ ಅನ್ನೋದು ಬ್ಯಾಂಡ್‌ವಿಡ್ತ್. ಮನೆ ಮುಂದಿನ ಅರ್ಧ ಇಂಚಿನ ಪೈಪ್ ತೆಗೆಸಿ ಒಂದಿಂಚಿಂದು ಹಾಕ್ಸಿದ್ರೆ ಬಿಂದಿಗೆ ಬೇಗ ತುಂಬತ್ತೆ, ಆದ್ರೆ ವಾಲ್ವಿಂದ ಇಲ್ಲಿಗೆ ನೀರು ಬರೋ ಹೊತ್ತು ಕಮ್ಮಿ ಆಗಲ್ಲ. ಜಾಹೀರಾತಲ್ಲಿ ದೊಡ್ಡದಾಗಿ ಹಾಕೋ 100, 200 ಎಂಬಿಪಿಎಸ್ ಎಲ್ಲ ಪೈಪಿನ ಅಗಲ ಅಷ್ಟೇ.

ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಅದರಲ್ಲಿರೋ 'ಬಿ' ಕೂಡ ಬೈಟ್ ಅಲ್ಲ, ಬಿಟ್. 8 ಬಿಟ್ ಸೇರಿದ್ರೆ 1 ಬೈಟ್, ಅಂದ್ರೆ 100ರ ಪ್ಲಾನಲ್ಲಿ ಸೆಕೆಂಡಿಗೆ ಬರೋದು ಹೆಚ್ಚಂದ್ರೆ 12.5 ಮೆಗಾಬೈಟ್, 1 ಜಿಬಿ ಫೈಲ್ ಇಳಿಯೋಕೆ ಕಮ್ಮಿ ಅಂದ್ರೂ 80 ಸೆಕೆಂಡ್. ಈ ಎರಡು ಪದ ಕಲಸಿಹೋಗಬಾರ್ದು ಅಂತ್ಲೇ 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಜ್ ಬೈಟ್ ಅನ್ನೋ ಪದ ಹುಟ್ಟಿಸಿದಾಗ ಇಂಗ್ಲಿಷ್ ಸ್ಪೆಲಿಂಗಲ್ಲಿ ಐ ಬದಲು ವೈ ಹಾಕಿದ್ರು.

ಲೇಟೆನ್ಸಿಗೆ ಬರೋಣ, ನನಗೆ ತುಂಬಾ ಇಷ್ಟದ ವಿಷಯ, ಯಾಕಂದ್ರೆ ಇದರಲ್ಲಿ ಒಂದು ಭಾಗನ ಯಾವ ಕಂಪನಿಯೂ ದುಡ್ಡು ತಗೊಂಡು ಕಮ್ಮಿ ಮಾಡ್ಕೊಡೋಕಾಗಲ್ಲ. ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆ ಒಳಗೆ ಡೇಟಾ ಹೊತ್ಕೊಂಡು ಬೆಳಕು ಓಡೋದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಂದ ಕ್ಯಾಲಿಫೋರ್ನಿಯಾ ನೇರ ಗೆರೆ ಎಳೆದ್ರೂ ಸುಮಾರು 14,000 ಕಿಲೋಮೀಟರ್, ಹೋಗೋಕೆ 70 ಮಿಲಿಸೆಕೆಂಡ್, ಹೋಗಿಬರೋಕೆ 140. ಕೇಬಲ್ ನೇರವಾಗೂ ಇರಲ್ಲ, ಚೆನ್ನೈಗೋ ಮುಂಬೈಗೋ ಹೋಗಿ ಸಮುದ್ರದಡಿ ಸುತ್ತಿ ಬಳಸಿ ಹೋಗತ್ತೆ, ದಾರೀಲಿ ಸಿಗೋ ಒಂದೊಂದು ರೌಟರೂ (ಡೇಟಾನ ಮುಂದಿನ ದಾರಿಗೆ ದಾಟಿಸೋ ಪೆಟ್ಟಿಗೆ) ತನ್ನ ಪಾಲು ಸ್ವಲ್ಪ ಸೇರಿಸತ್ತೆ. ಇದನ್ನ ಅಳೆಯೋಕೆ ಪಿಂಗ್ ಇದೆ, ಆ ಕಡೆಗೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ಹೇಳತ್ತೆ. 1983ರ ಡಿಸೆಂಬರಲ್ಲಿ ಅಮೆರಿಕದ ಸೇನೆಯ ಲ್ಯಾಬಲ್ಲಿದ್ದ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಂ ಅದು, ಜಲಾಂತರ್ಗಾಮಿಗಳನ್ನ ಹುಡುಕೋ ಸೋನಾರ್ ಸದ್ದು ಮಾಡಿ ಪ್ರತಿಧ್ವನಿಗೆ ಕಾಯತ್ತಲ್ಲ, ಆ ಸದ್ದಿನ ಹೆಸರನ್ನೇ ಇಟ್ರು.

ಒಂದು ಭಾನುವಾರ ಕಾಲ್ ನಡೀತಿರೋವಾಗಲೇ ಕ್ಯಾಲಿಫೋರ್ನಿಯಾದ ಒಂದು ಸರ್ವರಿಗೆ ಪಿಂಗ್ ಹಾಕಿ ನೋಡಿದೆ. 900 ಮಿಲಿಸೆಕೆಂಡ್! ದೂರ ಎಷ್ಟೇ ಇದ್ರೂ ಇಷ್ಟಾಗಬಾರ್ದು.

ಇಲ್ಲಿ ನೀರಿನ ಹೋಲಿಕೆ ಸ್ವಲ್ಪ ಬಿಡಬೇಕಾಗತ್ತೆ. ಡೇಟಾ ನೀರಿನ ಥರ ಒಂದೇ ಧಾರೆಯಾಗಿ ಹರಿಯಲ್ಲ, ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗತ್ತೆ, ಸಾಮಾನ್ಯವಾಗಿ ಒಂದೊಂದು 1500 ಬೈಟ್ ಒಳಗೆ, ಪ್ರತಿಯೊಂದರ ಮೇಲೂ ವಿಳಾಸ ಇರತ್ತೆ. 1960ರ ದಶಕದಲ್ಲಿ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಈ ಹೆಸರು ಇಟ್ಟಿದ್ದು, ಬೇರೆ ಭಾಷೆಗಳಿಗೂ ಹೊಂದೋ ಪದ ಬೇಕು ಅಂತ ಹುಡುಕಿ ಆರಿಸಿದ್ರಂತೆ, ನಮ್ಮಲ್ಲಂತೂ ಪ್ಯಾಕೆಟ್ ಹಾಲು ಪ್ಯಾಕೆಟ್ ಅಷ್ಟೇ ಸಲೀಸಾಗಿ ಕೂತುಬಿಟ್ಟಿದೆ. ಹೊರಗೆ ಹೋಗೋ ದಾರಿ ಬಿಜಿ ಇದ್ರೆ ಈ ಪ್ಯಾಕೆಟ್‌ಗಳು ರೌಟರಲ್ಲಿ ಕ್ಯೂ ನಿಲ್ತವೆ, ಆ ಜಾಗಕ್ಕೆ ಬಫರ್ ಅಂತಾರೆ.

ಬಫರ್ ಅಂದ್ರೆ ನಮ್ಮ ಸಂಪ್. ರೌಟರಲ್ಲಷ್ಟೇ ಅಲ್ಲ, ನಾವು ಸಿನಿಮಾ ನೋಡೋ ಫೋನು, ಟೀವಿಯಲ್ಲೂ ಒಂದು ಇರತ್ತೆ, ಸಿನಿಮಾ ನೋಡೋವಾಗ ಮುಂದಿನ ಒಂದಷ್ಟು ಭಾಗ ಮೊದಲೇ ತಂದು ಸಂಪಲ್ಲಿ ತುಂಬಿಟ್ಕೊಂಡಿರತ್ತೆ, ನಡುವೆ ನೀರು ನಿಂತ್ರೂ ಗೊತ್ತಾಗಲ್ಲ. ಮಾತುಕತೆಗೆ ಹಾಗೆ ತುಂಬಿಡೋಕಾಗಲ್ಲ, ಅಕ್ಕ ಇನ್ನೂ ಆಡದೇ ಇರೋ ಮಾತನ್ನ ಎಲ್ಲಿಂದ ತರೋದು? ಅದಕ್ಕೇ ಸಿನಿಮಾ ಚೆನ್ನಾಗಿ ಓಡ್ತಿದ್ದ ಅದೇ ಕನೆಕ್ಷನಲ್ಲಿ ಕಾಲ್ ಕೈಕೊಡ್ತಿತ್ತು.

ಹಾಗಾದ್ರೆ ಕ್ಯೂ ಕಟ್ಟಿಸ್ತಿದ್ದಿದ್ದು ಯಾರು? ಅಮ್ಮ ಟ್ಯಾಬಲ್ಲಿ ಮಾತಾಡೋವಾಗ ಅವರ ಫೋನ್ ಚಾರ್ಜಿಗೆ ಹಾಕಿರ್ತಾರೆ, ಅದು ಚಾರ್ಜಿಗೆ ಬಿದ್ದ ಕೂಡ್ಲೆ ವಾರದ ಫೋಟೋ, ವಿಡಿಯೋ ಎಲ್ಲ ಬ್ಯಾಕಪ್‌ಗೆ ಕಳಿಸೋಕೆ ಕೂರತ್ತೆ. ದಿನಸಿ ಅಂಗಡೀಲಿ ತಿಂಗಳ ಸಾಮಾನಿನ ಚೀಟಿ ಹಿಡ್ಕೊಂಡು ನಿಂತೋರ ಹಿಂದೆ ಒಂದು ಬೆಂಕಿಪೊಟ್ಟಣಕ್ಕೆ ಬಂದೋರು ಕಾದ ಹಾಗೆ, ಅಮ್ಮನ ಮಾತಿನ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಆ ಫೋಟೋಗಳ ಹಿಂದೆ ನಿಂತಿದ್ವು. ಬಫರ್ ಅತಿಯಾಗಿ ದೊಡ್ಡದಿದ್ದು ಹೀಗಾಗೋದಕ್ಕೆ ಬಫರ್‌ಬ್ಲೋಟ್ ಅಂತಾರೆ, ಜಿಮ್ ಗೆಟ್ಟಿಸ್ ಅನ್ನೋ ಅಮೆರಿಕದ ಎಂಜಿನಿಯರ್ 2010ರಲ್ಲಿ ತಮ್ಮ ಮನೆ ನೆಟ್‌ವರ್ಕಲ್ಲೇ ಇದನ್ನ ಕಂಡು ಬೆನ್ನುಹತ್ತಿ ಹೋಗಿದ್ರು. ನಮ್ಮ ಹೊಸ ಪ್ಲಾನಲ್ಲಿ ಜಾಸ್ತಿ ಆಗಿದ್ದು ಡೌನ್‌ಲೋಡ್ ಮಾತ್ರ, ಫೋಟೋಗಳು ಹೊರಗೆ ಹೋಗೋ ಅಪ್‌ಲೋಡ್ ದಾರಿ ಮುಂಚಿನಷ್ಟೇ, ಹಾಗಾಗಿ ಕ್ಯೂ ಒಂದಿಷ್ಟೂ ಕರಗಿರ್ಲಿಲ್ಲ.

ಬ್ಯಾಕಪ್ಪನ್ನ ರಾತ್ರಿ ಹೊತ್ತಿಗೆ ಮಾಡ್ಸಿದೆ. ಪಿಂಗ್ 250ಕ್ಕೆ ಇಳೀತು. ಆ 250 ಸಮುದ್ರ ದಾಟೋ ಹೊತ್ತು, ಅದಕ್ಕೆ ಏನೂ ಮಾಡೋಕಾಗಲ್ಲ, ಆದ್ರೆ ಅಷ್ಟಕ್ಕೆ ಮಾತು ಮುರಿಯಲ್ಲ. ವಿಡಿಯೋ ಕಾಲಿಗೆ ಬೇಕಾಗೋದು ಕೆಲವೇ ಎಂಬಿಪಿಎಸ್, ಮುಂದಿನ ತಿಂಗಳಿಂದ 50ರ ಪ್ಲಾನಿಗೇ ವಾಪಸ್ ಹೋಗ್ತಿದೀವಿ.